ತೇರ್ಣಾ ಇಳಿದ ಲೆಕ್ಕ

ಓದಿದವರ ಮಾತು ಮನೆಯಲ್ಲಿ ಒಮ್ಮೆ ವೇದವಾಕ್ಯವಾಯಿತೆಂದರೆ ಮುಗಿಯಿತು, ಆಮೇಲೆ ಅವರು ತಪ್ಪುವ ಹಾಗೂ ಇಲ್ಲ. ಮೀನಲಳ ಗತಿ ಹಾಗಾಯಿತು. ಉದಗೀರಿನ ಕಾಲೇಜಿನಲ್ಲಿ ಅವಳ ಓದು, ಅಭ್ಯಾಸ ಎಲ್ಲ ಅದೇ: ಉಮರ್ಗಾ ಕಡೆ, ನಿಲಂಗಾ ಕಡೆ, ಉದಗೀರ ಕಡೆ ಯಾವ ಹೊಳೆಯ ಮಹಾಪೂರ ಹಿಂದಿಗಿಂತ ಏರಿದೆ, ಯಾವುದರದು ಇಳಿದಿದೆ ಎಂದು ಹೋಲಿಸುವುದು.

ಬೇಸಿಗೆಯಲ್ಲಿ ಅಪ್ಪ ಮನ್ಮಥಪ್ಪ ತೀರಿಕೊಂಡಾಗ, ಔರಾದ ಶಹಾಜನಿ ಹತ್ತಿರದ ಅವರ ಹೊಲದಲ್ಲಿ ಸಮಾಧಿ ಎಲ್ಲಿ ಎಂಬ ಮಾತು ಬಂತು. ತೇರ್ಣಾ ಹೊಳೆಯ ದಂಡೆಯ ಕೆಳಗಿನ ಹೊಲವೆಂದರೆ ಅಪ್ಪನಿಗೆ ಜೀವ. ತಾಯಿ ಸರುಬಾಯಿಗೆ ಹೊಳೆಯ ಭಯ; ಮೇಲಿನ ಹೊಲವೇ ಇರಲಿ ಎಂದಳು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು, ವಿಶ್ವಾರಾಧ್ಯರು, ಮೀನಲಳ ಕಡೆ ತಿರುಗಿದರು.

“ನಿಂದು ಇದೇ ಅಭ್ಯಾಸ ಅಲ್ಲೇನವಾ? ಕೆಳಗಿನ ಹೊಲದ ತನಕ ನೀರು ಬರ್ತದೇನು?”

“ಇಲ್ರೀ ಅಯ್ಯನವರ. ತೇರ್ಣಾದ್ದು ಪೂರ ವರ್ಷಾ ವರ್ಷಾ ಇಳೀಲತ್ತದ.”

ಅವಳ ಮಾತಿನ ಮೇಲೆ ಸಮಾಧಿ ಕೆಳಗಿನ ಹೊಲದಲ್ಲೇ ಆಯಿತು. ಮಾತು ಸುಳ್ಳೇನಲ್ಲ, ಪೂರ ಇಳಿದಿತ್ತು. ಮಾಂಜ್ರಾದ ಪೂರ ಏರುತ್ತಿದೆ ಎಂಬುದೂ ಅವಳೇ ಕಂಡುಕೊಂಡದ್ದು. ಆ ಎರಡೂ ಹೊಳೆ ಅಪ್ಪನ ಹೊಲದ ಸ್ವಲ್ಪ ಕೆಳಗೇ ಕೂಡುತ್ತವೆ ಎಂದು ಊರ ಎಮ್ಮೆಗೂ ಗೊತ್ತು. ಆದರೆ ಹೋಲಿಸುವವರು ಬೇರೆ ಬೇರೆ ಇಡಲೇಬೇಕಲ್ಲ! ಬೇರೆ ಇಟ್ಟು ಇಟ್ಟು, ಅವು ಕೂಡುತ್ತವೆ ಎಂಬುದನ್ನೇ ಮೀನಲ ಮರೆತಿದ್ದಳು.

ಭಾದ್ರಪದದಲ್ಲಿ ಮಾಂಜ್ರಾ ಉಕ್ಕಿ ಬಂತು. ತೇರ್ಣಾದ ನೀರನ್ನು ಒಳಗೆ ಸೇರಿಸಿಕೊಳ್ಳಲೇ ಇಲ್ಲ. ಪಾಪ, ತೇರ್ಣಾ ಹಿಂದಕ್ಕೆ ಸರಿದು ಸರಿದು ಹೊಲ ಹತ್ತಿತು. ಮೀನಲ ಬಸ್ಸಿಳಿದು ಓಡಿ ಬರುವಷ್ಟರಲ್ಲಿ ಅವ್ವ, ಅಯ್ಯನವರು ಮೇಲಿನ ಹೊಲದ ಬದುವಿನ ಮೇಲೆ ಮಳೆಯಲ್ಲಿ ನೆನೆಯುತ್ತ ನಿಂತಿದ್ದರು. ಕೆಳಗೆ ನೀರು ಸಮಾಧಿಯ ಬುಡಕ್ಕೆ ಬಂದಿತ್ತು. ದೀಪಾವಳಿ ಮುಗಿಸಿ ಕಟ್ಟೆ ಕಟ್ಟಿಸುವುದೆಂದಿದ್ದರು. ಇನ್ನೂ ಹಸಿ ಎರೆಮಣ್ಣಿನ ದಿಬ್ಬ.

“ಅಯ್ಯನವರ, ತಗದು ಮ್ಯಾಲ ಒಯ್ಲಿಕ್ಕಿ ಬರಂಗಿಲ್ಲೇನ್ರೀ?” ಸರುಬಾಯಿ ಕೇಳಿದಳು.

“ಮಣ್ಣಿಗಿ ಕೊಟ್ಟಿದ್ದು ತಿರುಗಿ ಬೇಡಬಾರದು, ತಾಯಿ.” ಎಂದರು ಅಯ್ಯನವರು.

ಸರುಬಾಯಿ ಮಗಳ ಕೈ ಹಿಡಿದಳು. “ಇನ್ನಾ ಎಷ್ಟು ಏರ್ತದ? ಖರೇ ಹೇಳು.”

ಮಾಂಜ್ರಾದ ಮೇಲಿನ ಅಣೆಕಟ್ಟಿನಿಂದ ಬಿಟ್ಟ ನೀರು ಇನ್ನೂ ದಾರಿಯಲ್ಲಿತ್ತು. “ಇನ್ನೊಂದಾಳುದ್ದ, ಅವ್ವಾ.” ಈ ಸಲದ ಲೆಕ್ಕ ತಪ್ಪುವುದಿಲ್ಲವೆಂದು ಮೀನಲಳಿಗೆ ಗೊತ್ತಿತ್ತು. ತಪ್ಪಲಿ, ದೇವರೇ, ಇದೊಂದು ತಪ್ಪಲಿ ಎಂದು ಬೇಡಿಕೊಂಡಳು.

ದಿಬ್ಬದ ಒಂದು ಮಗ್ಗುಲು ಸದ್ದಿಲ್ಲದೆ ಕುಸಿದು ನೀರಿಗೆ ಬಿತ್ತು. ಮೀನಲ ಕೆಳಗೆ ಓಡಹೋದಳು. ಅಯ್ಯನವರು ತೋಳು ಹಿಡಿದು ನಿಲ್ಲಿಸಿದರು.

“ನಾ ಹೇಳಿದ್ದಕ್ಕೇ ಅಲ್ಲಿ ಇಟ್ಟೀವಿ, ಅವ್ವಾ. ನಂದೇ ತಪ್ಪು, ಬೈ ನನಗ!”

ಸರುಬಾಯಿಯ ಕಣ್ಣು ದಿಬ್ಬದ ಮೇಲೇ ಇತ್ತು.

“ನಿಮ್ಮಪ್ಪಗ ಕೈಯಾಗ ಲಿಂಗ ಇಟ್ಟು ಕೂಡಿಸಿ ಬಂದೀವಲ್ಲವಾ,” ಎಂದಳು. “ಈಗ ಎದ್ದು ಹ್ಯಾಂಗ ಬರ್ತಾರ?”