ತಾಯಿಗೆ ಒಂದೇ ಸಾಲು

ಯೋಚಿಸುವ ಮೊದಲೇ ಅವಳ ಕೈ ‘ಸಕ್ಕರೆ ಕಾಯಿಲೆ’ ಎಂದು ಬರೆದುಬಿಟ್ಟಿತ್ತು. ‘ತಾಯಿ’ ಎಂದು ಅಚ್ಚಾಗಿದ್ದ ಸಾಲಿನಲ್ಲಿ, ಶುರುವಾದ ವಯಸ್ಸು ನಲವತ್ತೆಂಟು ಎಂಬುದರ ಸಮೇತ. ಆಮೇಲೆ ಹಾಳೆಯ ತಲೆಬರಹ ಓದಿದಳು: ರಕ್ತಸಂಬಂಧಿಗಳ ಕಾಯಿಲೆಗಳ ವಿವರ.

ಅವಳು ಶಾಲೆಯೊಂದರ ದಾಖಲಾತಿ ಕಿಟಕಿಯ ಹಿಂದೆ ಕೂತು ಹನ್ನೆರಡು ವರ್ಷದಿಂದ ಊರವರ ಫಾರಂಗಳನ್ನೆಲ್ಲ ತಿದ್ದಿದವಳು. ಒಂದು ಕಾಲಂ ಖಾಲಿಯಿದ್ದರೂ ಹಾಳೆಯನ್ನು ಮುಲಾಜಿಲ್ಲದೆ ವಾಪಸು ತಳ್ಳುತ್ತಿದ್ದಳು. ಈಗ ತಾನು ಬರೆದ ಎರಡು ಪದಗಳನ್ನು ಅಂಗೈಯಿಂದ ಮುಚ್ಚಿಕೊಂಡು, ಆಸ್ಪತ್ರೆಯ ಬಣ್ಣ ಹೋದ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅಮ್ಮ, ತೊಡೆಯ ಮೇಲೆ ಮಗಳ ಕೈಚೀಲ ಇಟ್ಟುಕೊಂಡು.

ತಾನು ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ ಎಂಬುದು ಅವಳಿಗೆ ಹತ್ತನೆಯ ವಯಸ್ಸಿನಲ್ಲೇ ಗೊತ್ತಾಗಿತ್ತು. ಹೇಳಿದ್ದೂ ಅಮ್ಮನೇ, ಬಸ್ಸಿನಲ್ಲಿ, ಕಿಟಕಿಯಾಚೆ ನೋಡುತ್ತ. ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಅವಳಿಗೆ ಇಪ್ಪತ್ತಾದಾಗ ಅಮ್ಮನಿಗೆ ಸಕ್ಕರೆ ಕಾಯಿಲೆ ಬಂತು. ತಾಯಿಗಿದ್ದರೆ ಮಕ್ಕಳಿಗೂ ಬರುತ್ತದೆ ಎಂದು ಅಮ್ಮ ಅವಳ ಕೈಹಿಡಿದು ಎಳೆದುಕೊಂಡೇ ಇದೇ ಆಸ್ಪತ್ರೆಗೆ ಕರೆತಂದಳು. ಅವಳು ಒಂದು ಮಾತೂ ಆಡದೆ ತೋಳು ಮಡಚಿ ಸೂಜಿಗೆ ಕೈಯೊಡ್ಡಿದ್ದಳು. ಅಂದಿನಿಂದ ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಸಪ್ಪೆ ಚಹಾ. ಹದಿನಾಲ್ಕು ವರ್ಷ. ಆಫೀಸಿನಲ್ಲಿ ಯಾರಾದರೂ ಕೇಳಿದರೆ, ನಮ್ಮಮ್ಮನ ಕಡೆಯಿಂದ ಬಂದದ್ದು, ಹುಷಾರಾಗಿರಬೇಕು ಎನ್ನುತ್ತಿದ್ದಳು. ಹಾಗೆ ಹೇಳುವುದು ಅವಳಿಗೆ ಇಷ್ಟವಿತ್ತು.

ಮೂರು ವಾರದ ಹಿಂದೆ ಸ್ನಾನ ಮಾಡುವಾಗ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತ್ತು. ಡಾಕ್ಟರಮ್ಮ ಒತ್ತಿ ನೋಡಿ, ಈ ಹಾಳೆ ಕೊಟ್ಟಿದ್ದರು. ಇದನ್ನು ನೋಡಿಕೊಂಡೇ ಮುಂದಿನ ಪರೀಕ್ಷೆ ತೀರ್ಮಾನ ಮಾಡುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ ಎಂದಿದ್ದರು. ಹಾಗೆ ಬರೆಯಬೇಕಾದರೆ ಮೊದಲು ಅಮ್ಮನ ಕಾಯಿಲೆಗೆ ಅಡ್ಡಗೆರೆ ಎಳೆಯಬೇಕು. ಅದೂ ಅಮ್ಮನ ಕಣ್ಣೆದುರಿಗೇ. ಬಚ್ಚಲಿಗೆ ಹೋಗಿ ಬರುವ ನೆಪ ಮಾಡಿ ಅಲ್ಲಿ ತಿದ್ದಿಕೊಂಡು ಬಂದರಾಯಿತು ಎಂದು ಏಳಲು ಹೊರಟಳು.

“ಕೈ ತೆಗಿ,” ಎಂದಳು ಅಮ್ಮ. “ಏನ್ ಬರ್ದಿದೀಯ ಅಂತ ನಂಗೊತ್ತು. ಅದನ್ನ ಹೊಡೆದು ಹಾಕು.”

“ಇರ್ಲಿ ಬಿಡಮ್ಮ.”

“ಅವಳಿಗೂ ಇದೇ ಆಗಿತ್ತು ಕಣೇ.”

ಯಾರಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಅಮ್ಮ ಕೈಚೀಲದ ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ, ಎದುರಿನ ಗೋಡೆಗೆ ಹೇಳುವಂತೆ ಹೇಳಿದಳು. ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅಮ್ಮನದು ಹೊಲಿಗೆ, ಪಕ್ಕದಲ್ಲಿ ಕೂರುತ್ತಿದ್ದ ಹೆತ್ತವಳದು ಗುಂಡಿ ಹಾಕುವ ಕೆಲಸ. ಬಿಟ್ಟುಹೋದ ಗಂಡ, ಮನೆಯಲ್ಲಿ ಮೂರು ಮಕ್ಕಳು, ನಾಲ್ಕನೆಯದು ಈ ಕೂಸು. ಕೂಸನ್ನು ಅಮ್ಮನ ಮಡಿಲಿಗೆ ಹಾಕಿದವಳು ಬೇರೆ ಕೆಲಸ ಹಿಡಿದು ಆ ಕಡೆ ತಲೆಹಾಕಲಿಲ್ಲ. ಒಂಬತ್ತು ವರ್ಷದ ಮೇಲೆ ಆಸ್ಪತ್ರೆಯಿಂದ ಹೇಳಿ ಕಳಿಸಿದಳು. ಅಮ್ಮ ಎರಡು ತಿಂಗಳು ದಿನಾ ಊಟ ಒಯ್ದಳು. ಮನೆಯಲ್ಲಿ ಮಾತ್ರ, ಕಾರ್ಖಾನೆಯಲ್ಲಿ ಹೆಚ್ಚುವರಿ ಕೆಲಸ ಎಂದು ಹೇಳಿದ್ದಳು. ಕಣ್ಣು ಮುಚ್ಚುವ ಮೊದಲು ಅವಳು ಕೇಳಿದ್ದು ಒಂದೇ, ದೊಡ್ಡವಳಾದ ಮೇಲೆ ಹುಡುಗಿ ಡಾಕ್ಟರಿಗೆ ತೋರಿಸಿಕೊಳ್ಳುತ್ತಿರಬೇಕು, ಮರೆಯದೆ ಹೇಳು ಎಂದು. ಅಮ್ಮ ಮಾತು ಕೊಟ್ಟಿದ್ದಳು.

“ಆವತ್ತು ಬಸ್ಸಲ್ಲಿ ಎಲ್ಲಾ ಹೇಳೋಣ ಅಂತ್ಲೇ ಶುರು ಮಾಡ್ದೆ. ಅರ್ಧಕ್ಕೇ ನಿಲ್ಸಿಬಿಟ್ಟೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ…” ಅಮ್ಮ ಜಿಪ್ಪು ಮುಚ್ಚಿದಳು. “ನಂಗೆ ಸಕ್ಕರೆ ಬಂದಾಗ, ಸುಳ್ಳು ಯಾಕೆ ಹೇಳ್ಲಿ, ಒಳಗೊಳಗೇ ಖುಷಿ ಆಗಿತ್ತು. ನಿಂಗೆ ಕೊಡೋಕೆ ನನ್ ಹತ್ರಾನೂ ಒಂದು ಕಾಯಿಲೆ ಇದೆ ಅಂತ.”

ಮಗಳು ಹಾಳೆಯ ಅಂಚನ್ನು ಮಡಚಿದಳು. ಅಮ್ಮನ ಮುಖ ನೋಡಲು ಆಗಲಿಲ್ಲ.

“ವರ್ಷಾ ವರ್ಷಾ ಬರ್ತಿದ್ವಿ,” ಎಂದಳು. “ಇದೇ ಆಸ್ಪತ್ರೆ. ಇದರ ಕೆಳಗಿನ ಮಹಡಿ.”

“ಗೊತ್ತು.”

“ಸೂಜಿ ಚುಚ್ಚಿಸ್ಕೊಂಡು ಮನೆಗ್ ಹೋಗ್ತಿದ್ವಿ.”

ನರ್ಸ್ ಯಾರದೋ ಹೆಸರು ಕೂಗಿದಳು. ಯಾರೋ ಎದ್ದು ಒಳಗೆ ಹೋದರು. ಮಗಳು ಹಾಳೆಯನ್ನೇ ದಿಟ್ಟಿಸುತ್ತ, ಅವಳಿಗೆ ಆಗ ಎಷ್ಟು ವಯಸ್ಸು ಎಂದು ಕೇಳಿದಳು. ಮೂವತ್ತೊಂಬತ್ತು ಎಂದಳು ಅಮ್ಮ. ಮಗಳಿಗೆ ಈಗ ಮೂವತ್ತನಾಲ್ಕು. ಇಬ್ಬರೂ ಮನಸ್ಸಿನಲ್ಲೇ ಲೆಕ್ಕ ಹಾಕಿದರು.

“ಹೇಗಿದ್ಳು?”

“ಬಾಯಿ ಜೋರು. ಅವಳು ಗುಂಡಿ ಹಾಕಿದ್ರೆ ಅಂಗಿ ಹರೀಬೇಕೇ ಹೊರ್ತು ಗುಂಡಿ ಬೀಳ್ತಿರ್ಲಿಲ್ಲ. ನನ್ ಹೊಲಿಗೆ ನೋಡಿ, ಇದೇನೇ ಇದು, ಇರುವೆ ಕುಡಿದು ಹೋದ ಹಾಗಿದೆ ಅನ್ನೋಳು.” ಅಮ್ಮ ನಗಲು ನೋಡಿದಳು.

ಮಗಳು ಬರೆದದ್ದನ್ನು ಹೊಡೆದು ಹಾಕಲಿಲ್ಲ. ಅದರ ಕೆಳಗೆ ಉಳಿದಿದ್ದ ಕಿರಿದಾದ ಜಾಗದಲ್ಲಿ, ಅಕ್ಷರಗಳನ್ನು ಸಣ್ಣದು ಮಾಡಿ, ‘ಹೆತ್ತ ತಾಯಿ: ಎದೆಯ ಕ್ಯಾನ್ಸರ್, ಮೂವತ್ತೊಂಬತ್ತು’ ಎಂದು ಬರೆದಳು. ಮೇಲಿನ ಸಾಲಿಗೆ ಸಾಕಿದವಳು ಅಂತ ಸೇರಿಸು, ಡಾಕ್ಟರಿಗೆ ಗೊಂದಲ ಆಗಬಾರದು ಎಂದಳು ಅಮ್ಮ. ಮಗಳು ಕೇಳಿಸದವಳಂತೆ ಎದ್ದು ಹಾಳೆ ಕೊಡಲು ಹೋದಳು.

ನರ್ಸ್ ಹಾಳೆಯ ಮೇಲೆ ಪೆನ್ನು ಆಡಿಸುತ್ತ ಹೋಗಿ ‘ತಾಯಿ’ ಸಾಲಿನಲ್ಲಿ ನಿಲ್ಲಿಸಿದಳು. ಒಂದು ಸಾಲಿನಲ್ಲಿ ಇಬ್ಬರನ್ನು ತುಂಬಿಸಿದ್ದೀರಲ್ಲ ಎಂದಳು. ಒಂದೇ ಸಾಲು ಕೊಟ್ಟಿದ್ದೀರಿ ಎಂದಳು ಇವಳು. ನರ್ಸ್ ಅವಳ ಮುಖವನ್ನೊಮ್ಮೆ ನೋಡಿ ಹಾಳೆಯನ್ನು ಫೈಲಿಗೆ ಸೇರಿಸಿಕೊಂಡಳು.

ತಿರುಗಿ ಬಂದವಳು ಅಮ್ಮನ ಪಕ್ಕ ಕೂರಲಿಲ್ಲ. ನಡುವೆ ಒಂದು ಕುರ್ಚಿ ಬಿಟ್ಟು ಕೂತಳು. ಅಮ್ಮ ಕೈಚೀಲವನ್ನು ಎದೆಗೆ ಒತ್ತಿಕೊಂಡಳು. ಜನ ಹೆಚ್ಚುತ್ತಿದ್ದರು. ಎಕ್ಸ್‌ರೇ ಲಕೋಟೆ ಹಿಡಿದ ಮುದುಕರೊಬ್ಬರು ಬಂದು, ಖಾಲಿ ಕುರ್ಚಿಯ ಬೆನ್ನು ಹಿಡಿದು, ಇಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದರು. ಅಮ್ಮ ಮಗಳ ಕಡೆ ನೋಡಿದಳು.

“ಇದಾರೆ,” ಎಂದಳು ಮಗಳು.

ಮುದುಕರು ತಲೆಯಾಡಿಸಿ, ಲಕೋಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹಿಂದಿನ ಸಾಲಿನ ಕಡೆಗೆ ನಡೆದರು.