ಕಾಲು ಮರೆತ ಸಂದಿ

ನಿಮ್ಮ ಓಣಿಯ ದಾರಿಯೊಂದನ್ನು ಯಾರೋ ಹಾಡಹಗಲೇ ನುಂಗಿದಾಗ, ‘ನಮಗೇಕೆ ಊರ ಉಸಾಬರಿ’ ಎಂದು ಸುತ್ತುದಾರಿ ಹಿಡಿದವರು ನೀವೂ ಅಲ್ಲವೇ? ಹಾಗಿದ್ದರೆ ಸಾಂಗಲಿಯ ಬೆಲ್ಲದ ವ್ಯಾಪಾರಿ ಶಿವಲಿಂಗಪ್ಪನನ್ನು ಹಳಿಯುವ ಮೊದಲು ಕೊಂಚ ತಡೆಯಿರಿ.

ಪ್ಲೇಗಿಗೆ ಅಂಜಿ ಪೇಟೆಯ ಜನರೆಲ್ಲ ಬುಧಗಾಂವದ ಕಡೆ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಾಲ. ಶಿವಲಿಂಗಪ್ಪ ಬರಿದಾದ ಓಣಿಗೆ ಗೌಂಡಿಗಳನ್ನು ಕಳಿಸಿ, ತನ್ನ ಉಗ್ರಾಣದ ಪಕ್ಕದಿಂದ ಹೊಳೆಗಿಳಿಯುತ್ತಿದ್ದ ಸಂದಿಗೆ ಗೋಡೆ ಎಬ್ಬಿಸಿದ. ಬೆಲ್ಲದ ಪೆಂಟೆಗಳಿಗೆ ಜಾಗ ಸಾಲದಾಗಿತ್ತು. ಲೋಕಕ್ಕೆ ಸಾವಿನ ಚಿಂತೆ, ಅವನಿಗೆ ಸರಕಿನ ಚಿಂತೆ.

ಜನ ಮರಳಿದರು. ಪತ್ರಾವಳಿ ಹೊಲಿದು ಬದುಕುವ ಕುಂಟುಗಾಲಿನ ವಿಧವೆ ಸೋನಾಬಾಯಿ ಖಾಲಿ ಕೊಡ ಹಿಡಿದು ಗೋಡೆಯೆದುರು ನಿಂತಳು. ಇನ್ನು ಅವಳು ಪೇಟೆಯನ್ನೆಲ್ಲ ಸುತ್ತಿ ನೀರು ಹೊರಬೇಕು.

“ಸಾವಕಾರ್ರ, ನನ್ನ ದಾರಿ ಎಲ್ಲಿ ಮುಚ್ಚಿಟ್ಟೀರಿ?”

“ಯಾವ ದಾರಿ ಬಾಯಿ? ಜ್ವರದಾಗ ಕನಸು ಕಂಡಿ ಏನು?”

ಅವಳು ಕಚೇರಿಗೆ ಅರ್ಜಿ ಕೊಟ್ಟಳು. ಶಿವಲಿಂಗಪ್ಪನಿಗೆ ಅರ್ಜಿಯ ಭಯವಿರಲಿಲ್ಲ. ತನ್ನ ಕಾಲುಗಳ ಭಯವಿತ್ತು. ಹೊಳೆಯ ಸ್ನಾನಕ್ಕೆ ಹೊರಟರೆ ಅವು ಬಾಲ್ಯದ ರೂಢಿಯಂತೆ ಸಂದಿಯತ್ತ ತಿರುಗುತ್ತಿದ್ದವು. ಶಿವನಾಮ ಗುನುಗುತ್ತ ನಡೆದವನ ಹಣೆ ಸ್ವಂತ ಗೋಡೆಗೇ ಬಡಿಯುತ್ತಿತ್ತು. ನೆರೆಹೊರೆಯವರ ಗತಿಯೂ ಅದೇ. ಆಗಲೇ ಕಚೇರಿಯ ಕಾರಕೂನ ತನಿಖೆಗೆ ಬಂದಿದ್ದರೆ, ಬಾತ ಹಣೆಗಳೇ ಸಾಕ್ಷಿ ನುಡಿಯುತ್ತಿದ್ದವು.

ಆದರೆ ಮಳೆಗಾಲ ಬಂತು, ಹೊಳೆ ಏರಿತು, ಸ್ಥಳ ತನಿಖೆ ಮುಂದೆ ಹೋಯಿತು. ಅಷ್ಟರಲ್ಲಿ ಕಾಲುಗಳು ಹೊಸ ಪಾಠ ಕಲಿತವು. ಕಲಿತದ್ದನ್ನು ದಿನವೂ ನಡೆದು ಗಟ್ಟಿ ಮಾಡಿಕೊಂಡವು. ಕಾಲು ಒಪ್ಪಿದ್ದನ್ನು ಮನಸ್ಸು ಎಷ್ಟು ದಿನ ಅಲ್ಲಗಳೆದೀತು? ‘ಇಲ್ಲಿ ಗೋಡೆಯೇ ಇತ್ತಲ್ಲ’ ಎಂದು ಒಂದು ಮುಂಜಾನೆ ಶಿವಲಿಂಗಪ್ಪನಿಗೇ ಅನ್ನಿಸಿತು.

ಕೊನೆಗೆ ಕಾರಕೂನ ಬಂದ. ಶಿವಲಿಂಗಪ್ಪ ತನ್ನ ಪರ ಸಾಕ್ಷಿಗೆಂದು ಹೆಂಡತಿಯ ತಮ್ಮ ಅಪ್ಪಣ್ಣನನ್ನು ಮಿರಜದಿಂದ ಕರೆಸಿದ್ದ. ಪ್ಲೇಗಿನ ನಂತರ ಅಪ್ಪಣ್ಣ ಈ ಕಡೆ ಸುಳಿದಿರಲಿಲ್ಲ. ಟಾಂಗಾ ಇಳಿದವನೇ, “ಹೊಳ್ಯಾಗ ಕೈಕಾಲು ತೊಳಕೊಂಡು ಬರ್ತೇನಿ” ಎಂದು ಸರಸರನೆ ನಡೆದು ಗೋಡೆಗೆ ಮೂಗು ತಾಗಿಸಿಕೊಂಡ.

“ಅಯ್ಯ ದಾಜೀ! ಇಲ್ಲಿದ್ದ ಸಂದಿ ಏನಾತ್ರಿ?” ಎಂದು ಭಾವನತ್ತ ತಿರುಗಿದ.

ಶಿವಲಿಂಗಪ್ಪ ಬೆರಗಿನಿಂದ ಗೋಡೆಯನ್ನೂ ಅಪ್ಪಣ್ಣನನ್ನೂ ನೋಡಿದ. ಅಷ್ಟರಲ್ಲಿ ನೆರೆಮನೆಯ ಸಿದ್ರಾಮಪ್ಪ ಗಹಗಹಿಸಿ ನಕ್ಕ.

“ತಂಬೂರಿ ಮಾಡೋ ಮಿರಜದಾಗ ಅದರ ನಾದ ಕೇಳಿ ಕೇಳಿ ತಲಿ ಗುಂಯ್ ಅಂದೈತಿ ನಿಮಗ! ಇಲ್ಲಿ ಸಂದಿ ಯಾವಾಗಿತ್ರಿ?”

ಓಣಿಯೆಲ್ಲ ತಲೆದೂಗಿತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಘೋರವಾದದ್ದು ಅದೇ.

“ಸಾಹೇಬ್ರ, ಇವರು ದಿನಾ ಸುತ್ತಿ ಸುತ್ತಿ ಮರತಾರ್ರಿ! ನನಗ ನೋಯೋ ಕಾಲು ಮರಿಯಾಕ ಬಿಟ್ಟಿಲ್ಲ! ಅಪ್ಪಣ್ಣಾರು ಬ್ಯಾರೆ ಊರಾಗಿದ್ರು, ಅದಕ್ಕ ಅವರಿಗೆ ನೆನಪೈತಿ!” ಎಂದು ಸೋನಾಬಾಯಿ ಕೂಗಿದಳು.

ಕಾರಕೂನ ಹೆಚ್ಚು ತಲೆಗಳಿದ್ದ ಕಡೆಯೇ ಸತ್ಯವಿದೆಯೆಂದು ಬಗೆದು ಅರ್ಜಿಯನ್ನು ತಳ್ಳಿಹಾಕಿದ. ‘ಸತ್ಯಕ್ಕೇ ಜಯ’ ಎಂದು ಶಿವಲಿಂಗಪ್ಪ ಕಣ್ಣು ಮುಚ್ಚಿ ಕೈಮುಗಿದ, ನಿಜವಾದ ಭಕ್ತಿಯಿಂದ. ಸೋನಾಬಾಯಿ ಕೊಡವನ್ನು ಸೊಂಟಕ್ಕೇರಿಸಿ ಪೇಟೆಯ ಕಡೆಗೆ ಕುಂಟುತ್ತ ಹೊರಟಳು.

ಓದುಗರೇ, ನಿಮ್ಮೂರಿನಲ್ಲಿ ಅಂಥ ಗೋಡೆ ಎದ್ದರೆ, ಗಾರೆ ಹಸಿಯಿರುವಾಗಲೇ ಹೋಗಿ ಸಾಕ್ಷಿ ನುಡಿಯಿರಿ.