ಮೋಡದ ಪೆಟ್ಟಿಗೆಯ ರಿಪೇರಿ

ಫ್ರಿಜ್ ರಿಪೇರಿಯವನಿಗೆ ಜನ ತಂಪಣ್ಣ ಅಂತ ಹೆಸರಿಟ್ಟದ್ದು ಅವನ ಕೆಲಸ ನೋಡಿ, ಗುಣ ನೋಡಿ ಅಲ್ಲ. ಕೋಪ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಯಾರ ಮನೆಗೆ ಹೋದರೂ ಅವನ ಮೊದಲ ಮಾತು ಒಂದೇ: "ಇದನ್ನ ಮೊದಲು ಬಿಚ್ಚಿದ ಪುಣ್ಯಾತ್ಮ ಯಾರು?"

ಆ ದಿನ ಮಧ್ಯಾಹ್ನ ವಿಜ್ಞಾನ ಕೇಂದ್ರದ ಹಿಂದಿನ ಕೋಣೆಯಲ್ಲಿ ಮಂಡಿಯೂರಿ ಕೂತಾಗಲೂ ಅದನ್ನೇ ಕೇಳಿದ.

"ಮೂರು ಜನ ಬಿಚ್ಚಿದ್ದಾರೆ," ಅಂದಳು ಪಕ್ಕದಲ್ಲಿ ನಿಂತಿದ್ದ ಮೇಡಂ. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವಳು, ಇನ್ನೂ ಮೂವತ್ತೈದು ದಾಟಿಲ್ಲ, ಕಣ್ಣ ಕೆಳಗೆ ಮಾತ್ರ ನಾಲ್ಕು ದಿನದ ನಿದ್ದೆ ಬಾಕಿ. "ಮೂವರೂ ಗುಜರಿಗೆ ಹಾಕಿ ಅಂದರು. ನಾಳೆ ಹತ್ತು ಗಂಟೆಗೆ ಉದ್ಘಾಟನೆ ಅಣ್ಣಾ. ಇದೊಂದು ನಡೆಯದಿದ್ದರೆ ನನ್ನ ಮಾನ ಹೋಗುತ್ತೆ."

ಅವರ ಮುಂದಿದ್ದದ್ದು ಊಟದ ಮೇಜಿನಷ್ಟು ಅಗಲದ ಗಾಜಿನ ಪೆಟ್ಟಿಗೆ. ತಳದಲ್ಲಿ ಕಪ್ಪು ಲೋಹದ ತಟ್ಟೆ, ಮುಚ್ಚಳದ ಒಳಗೆ ಸ್ಪಿರಿಟ್‌ನಲ್ಲಿ ನೆನೆಸಿದ ದಪ್ಪ ಬಟ್ಟೆ, ಕೆಳಗೆ ಕಂಪ್ರೆಸರ್. ತಟ್ಟೆ ಮೈನಸ್ ಮೂವತ್ತಕ್ಕಿಂತ ಕೆಳಗೆ ಹೋಗಬೇಕು, ಹದಿನೆಂಟಕ್ಕೇ ನಿಂತುಬಿಡುತ್ತಿತ್ತು.

ತಂಪಣ್ಣ ಕಂಪ್ರೆಸರ್ ಮೇಲೆ ಕೈಯಿಟ್ಟ, ಕಿವಿಯಿಟ್ಟ. "ಇವನ ಎದೆಬಡಿತ ಚೆನ್ನಾಗಿದೆ. ಗಂಟಲು ಕಟ್ಟಿದೆ ಅಷ್ಟೇ," ಅಂದ. ಗ್ಯಾಸ್ ಹೋಗುವ ಸಣ್ಣ ಕೊಳವೆ ಕಟ್ಟಿಕೊಂಡಿತ್ತು. ಹಳೆಯದನ್ನು ಕತ್ತರಿಸಿ ಹೊಸದನ್ನು ಬೆಸೆದು, ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿಸಿ, ಗ್ಯಾಸ್ ತುಂಬುವ ಹೊತ್ತಿಗೆ ನಾಲ್ಕಾಯಿತು. ತಟ್ಟೆ ತಣ್ಣಗಾಗಲು ಇನ್ನೊಂದು ಗಂಟೆ ಬೇಕು. ಮೇಡಂ ಎರಡು ಲೋಟ ಟೀ ತಂದಳು.

"ಇಷ್ಟು ತಣ್ಣಗೆ ಮಾಡಿ ಇದರೊಳಗೆ ಏನು ಇಡ್ತೀರಿ?"

"ಏನೂ ಇಡಲ್ಲ. ತಾನಾಗೇ ಬರೋದನ್ನ ನೋಡ್ತೀವಿ." ಅವಳು ಬೆರಳನ್ನು ಸೂರಿನ ಕಡೆ ತೋರಿಸಿದಳು. "ಮ್ಯೂಯಾನ್ ಅಂತ ಕಣ. ಪರಮಾಣುವಿಗಿಂತ ಎಷ್ಟೋ ಪಾಲು ಚಿಕ್ಕದು. ಆಕಾಶದಲ್ಲಿ ಹತ್ತು ಹದಿನೈದು ಕಿಲೋಮೀಟರ್ ಮೇಲೆ ಹುಟ್ಟಿ, ಸೂರು ತೂರಿ ಬರುತ್ತೆ. ತಣ್ಣಗಾದ ಸ್ಪಿರಿಟ್ ಆವಿಯ ಮಂಜಿನಲ್ಲಿ ಅದು ಹೋದ ದಾರಿ ಗೆರೆಯಾಗಿ ಮೂಡುತ್ತೆ, ಅದಕ್ಕೇ ಇದು ಮೋಡದ ಪೆಟ್ಟಿಗೆ. ನಿಮ್ಮ ಅಂಗೈಯಲ್ಲಿ ಸೆಕೆಂಡಿಗೆ ಹೆಚ್ಚುಕಮ್ಮಿ ಒಂದು ಹಾದುಹೋಗ್ತಾ ಇದೆ."

"ನನ್ನ ಅಂಗೈಯಲ್ಲಾ?"

"ನಿಮ್ಮ ತಲೆಯಲ್ಲೂ."

ತಂಪಣ್ಣ ತಲೆ ಸವರಿಕೊಂಡ. ಐವತ್ತೆಂಟು ವರ್ಷ ತನ್ನನ್ನು ಹೇಳದೆ ಕೇಳದೆ ಯಾರೋ ಹಾದಿ ಮಾಡಿಕೊಂಡಿದ್ದಾರೆ ಅಂದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಆದರೆ ಅಚ್ಚರಿಯೆಂದರೆ, ಅವನಿಗೆ ಬಂದದ್ದು ಸಿಟ್ಟಲ್ಲ, ನಗು.

ಐದೂಕಾಲಿಗೆ ಮುಳ್ಳು ಮೈನಸ್ ಮೂವತ್ತನಾಲ್ಕು ತೋರಿಸಿತು. ಮೇಡಂ ದೀಪ ಆರಿಸಿ, ಪೆಟ್ಟಿಗೆಯ ಪಕ್ಕದ ಚಿಕ್ಕ ಬೆಳಕು ಹಚ್ಚಿದಳು. ಇಬ್ಬರೂ ಗಾಜಿಗೆ ಮೂಗು ತಾಗಿಸಿ ಕಾದರು. ಒಳಗೆ ಮಂಜು ಹೊಗೆಯ ಹಾಗೆ ಅತ್ತ ಇತ್ತ ತೂರಾಡಿತು, ಅಷ್ಟೇ. ಗೆರೆಯಿಲ್ಲ, ಚುಕ್ಕೆಯಿಲ್ಲ.

"ಮುಗೀತು," ಅಂದು ಮೇಡಂ ಕುರ್ಚಿಯಲ್ಲಿ ಕುಸಿದಳು. ಕಣ್ಣು ತುಂಬಿತ್ತು.

"ಅಳಬೇಡಿ, ಇರಿ," ಅಂದ ತಂಪಣ್ಣ. "ಮಂಜು ಸುಮ್ಮನೆ ಕೂರ್ತಾ ಇಲ್ಲ ಅಂದರೆ ಎಲ್ಲಿಂದಲೋ ಗಾಳಿ ನುಗ್ತಾ ಇದೆ." ಜೇಬಿನಿಂದ ಬಸ್ ಟಿಕೆಟ್ ತೆಗೆದು ಮುಚ್ಚಳದ ಅಂಚಿಗೆ ಸಿಕ್ಕಿಸಿ ಎಳೆದ. ಮೂರು ಬದಿಯಲ್ಲಿ ಟಿಕೆಟ್ ಬಿಗಿಯಾಗಿ ಹಿಡಿದುಕೊಂಡಿತು. ನಾಲ್ಕನೆಯ ಬದಿಯಲ್ಲಿ ಸಲೀಸಾಗಿ ಜಾರಿ ಬಂತು. "ಸಿಕ್ಕಿದ ಕಳ್ಳ! ಫ್ರಿಜ್ ಬಾಗಿಲಿಗೂ ಇದೇ ಪರೀಕ್ಷೆ ಮೇಡಂ."

ಅವನ ಗಾಡಿಯಲ್ಲಿ ಹಳೆಯ ಫ್ರಿಜ್ ಬಾಗಿಲಿನ ರಬ್ಬರ್ ಪಟ್ಟಿ ಇತ್ತು. ಅಳತೆಗೆ ಕತ್ತರಿಸಿ ಮುಚ್ಚಳದ ಅಂಚಿನ ಉಕ್ಕಿನ ಚೌಕಟ್ಟಿನ ಹತ್ತಿರ ಹಿಡಿದದ್ದೇ ತಡ, ಅದು ಟಪ್ ಅಂತ ತಾನೇ ಹೋಗಿ ಕಚ್ಚಿಕೊಂಡಿತು.

"ಒಳಗೆ ಮ್ಯಾಗ್ನೆಟ್ ಇದೆ," ಅಂದ.

ಮೇಡಂ ಕಣ್ಣೊರೆಸಿಕೊಂಡು ನಕ್ಕಳು. "ಈ ಪಟ್ಟಿ ಈಗ ಎಂಥ ಕೆಲಸ ಮಾಡ್ತಾ ಇದೆ ಗೊತ್ತಾ? ಇಡೀ ಭೂಮಿ, ಬೆಟ್ಟ ಸಮುದ್ರ ಎಲ್ಲ ಸೇರಿ, ಇದನ್ನ ಕೆಳಗೆ ಎಳೀತಾ ಇದೆ. ಇದು ಬೀಳ್ತಾ ಇಲ್ಲ. ಜಗತ್ತಿನಲ್ಲಿ ಇರೋದು ನಾಲ್ಕೇ ಬಲ ಅಣ್ಣಾ. ಈ ಮ್ಯಾಗ್ನೆಟ್ಟಿನ ಬಲ ಒಂದು, ಭೂಮಿ ಎಳೆಯೋ ಗುರುತ್ವ ಇನ್ನೊಂದು. ಗುರುತ್ವ ಅವುಗಳಲ್ಲೆಲ್ಲ ಬಡಪಾಯಿ."

"ಇನ್ನುಳಿದ ಎರಡು?"

"ಒಂದು, ಪರಮಾಣುವಿನ ನಟ್ಟನಡುವೆ ಇರೋ ಕಣಗಳನ್ನ ಬಿಗಿಯಾಗಿ ಕಟ್ಟಿಹಾಕಿರೋದು. ಅದೇ ಎಲ್ಲಕ್ಕಿಂತ ಜೋರು. ಇನ್ನೊಂದು, ಒಂದು ಕಣವನ್ನ ಬೇರೆ ಕಣವಾಗಿ ಬದಲಾಯಿಸೋದು. ಅದರಿಂದಲೇ ನಮ್ಮ ಮ್ಯೂಯಾನ್ ಹೆಚ್ಚು ಹೊತ್ತು ಬದುಕಲ್ಲ."

ಆ ಮಾತು ಮುಗಿಯುವ ಮೊದಲೇ ತಂಪಣ್ಣ ಅವಳ ತೋಳು ಹಿಡಿದು ಜಗ್ಗಿದ. ಪೆಟ್ಟಿಗೆಯೊಳಗೆ, ಕಪ್ಪು ತಟ್ಟೆಯ ಮೇಲೆ, ಬಿಳಿ ದಾರದಂಥ ಒಂದು ಗೆರೆ ನೆಟ್ಟಗೆ ಮೂಡಿ ಹಾಗೇ ಕರಗಿಹೋಯಿತು. ಆಮೇಲೆ ಇನ್ನೊಂದು. ಆಮೇಲೆ ಸುರುಳಿಯಾಗಿ ತಡವರಿಸುತ್ತ ಒಂದು, ದಪ್ಪಗೆ ಮೋಟಾಗಿ ಮತ್ತೊಂದು. ಮೇಡಂ ಕುಣಿದಾಡಿಬಿಟ್ಟಳು. ತಂಪಣ್ಣ ಗಾಜಿಗೆ ಇನ್ನಷ್ಟು ಬಗ್ಗಿದ. ಮೂವತ್ತು ವರ್ಷದಲ್ಲಿ ಅವನು ಎಷ್ಟೋ ಯಂತ್ರಗಳಿಗೆ ಜೀವ ಕೊಟ್ಟಿದ್ದ, ಹಾಲು ಮೊಸರು ಕೆಡದಂತೆ ಕಾದಿದ್ದ. ಆದರೆ ತಾನು ರಿಪೇರಿ ಮಾಡಿದ ಪೆಟ್ಟಿಗೆಯೊಳಗೆ ಆಕಾಶ ಬಂದು ಗೀಚಿ ಹೋದದ್ದು ಇದೇ ಮೊದಲು.

ಮನೆಗೆ ಬಂದು ಹೇಳಿದರೆ ಹೆಂಡತಿ ನಂಬಬೇಕಲ್ಲ! ಅವಳು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದವಳು, ಬೀದಿಗೆಲ್ಲ ಟೈಲರಮ್ಮ. ಕತ್ತರಿ ಕೆಳಗಿಡದೆ, "ತಲೆಯಲ್ಲಿ ತೂರಿಹೋಗುತ್ತಾ? ನಿಮ್ಮ ತಲೆಯಲ್ಲಿ ನನ್ನ ಮಾತೇ ತೂರಲ್ಲವಲ್ಲ ರೀ," ಅಂದಳು.

"ನಾಳೆ ಬಂದು ನೋಡೇ. ಆಮೇಲೆ ಮಾತಾಡು."

ಮರುದಿನ ಉದ್ಘಾಟನೆಗೆ ಜನವೋ ಜನ. ಮೇಡಂ ಭಾಷಣದ ವೇದಿಕೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಕಂಪ್ರೆಸರ್ ನೋಡಿಕೊಳ್ಳಲೆಂದು ಪೆಟ್ಟಿಗೆಯ ಬಳಿ ನಿಂತಿದ್ದ ತಂಪಣ್ಣನನ್ನು ಜನ ಮುತ್ತಿಕೊಂಡರು. ಸ್ವಚ್ಛವಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರಿಂದ ಅವನೇ ವಿಜ್ಞಾನಿ ಅಂದುಕೊಂಡರೇನೋ.

"ಏನೂ ಕಾಣ್ತಾ ಇಲ್ಲವಲ್ಲ ಸಾರ್," ಅಂದರು ಕನ್ನಡಕದ ಹಿರಿಯರೊಬ್ಬರು.

"ಬಂದು ಅರ್ಧ ನಿಮಿಷ ಆಗಿಲ್ಲ, ಆಗಲೇ ದೂರು! ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಹಾಂ, ಅಲ್ಲಿ ನೋಡಿ! ಕಣ ಕಾಣಲ್ಲ, ಅದು ಹೋದ ದಾರಿ ಕಾಣುತ್ತೆ. ವಿಮಾನ ಹೋದ ಮೇಲೆ ಆಕಾಶದಲ್ಲಿ ಗೆರೆ ಉಳಿಯುತ್ತಲ್ಲ, ಹಾಗೆ."

"ಇದು ಮೈಗೆ ತೊಂದರೆ ಮಾಡಲ್ವಾ?" ಮಗು ಎತ್ತಿಕೊಂಡ ತಾಯಿಯೊಬ್ಬಳು ಕೇಳಿದಳು.

"ನೀವು ಹುಟ್ಟಿದಾಗಿನಿಂದ ಹೋಗ್ತಾ ಇದೆ ತಾಯಿ. ಒಂದಾದರೂ ಗೊತ್ತಾಯಿತಾ?"

ರಬ್ಬರ್ ಪಟ್ಟಿಯ ಒಂದು ತುಂಡು ಹಿಡಿದು, ಇಡೀ ಭೂಮಿಯನ್ನು ಅದು ಹೇಗೆ ಸೋಲಿಸುತ್ತದೆ ಅಂತ ಚೌಕಟ್ಟಿಗೆ ಅಂಟಿಸಿ ತೋರಿಸಿದ. ಜನ ಚಪ್ಪಾಳೆ ತಟ್ಟಿದರು. ತಂಪಣ್ಣನ ಎದೆ ಒಂದಂಗುಲ ಉಬ್ಬಿತು.

ಅಷ್ಟರಲ್ಲಿ ಟೈಲರಮ್ಮ ಜನರ ನಡುವೆ ದಾರಿ ಮಾಡಿಕೊಂಡು ಗಾಜಿಗೆ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು.

"ಉದ್ದಕ್ಕೆ ನೆಟ್ಟಗೆ ಹೋಗೋದು ಯಾವುದು ರೀ?"

"ಅದೇ ಮ್ಯೂಯಾನ್."

"ಸಿಕ್ಕು ಬಿದ್ದ ದಾರದ ಹಾಗಿರೋದು?"

"ಎಲೆಕ್ಟ್ರಾನ್. ನಮ್ಮ ಮೈ, ಈ ಗಾಜು, ನಿನ್ನ ಸೀರೆ, ಎಲ್ಲದರಲ್ಲೂ ಇದೆ. ಮ್ಯೂಯಾನ್ ಅದರ ಅಣ್ಣ ಇದ್ದ ಹಾಗೆ, ಇನ್ನೂರು ಪಟ್ಟು ಭಾರ." ಬೆಳಿಗ್ಗೆ ಮೇಡಂ ಹತ್ತಿರ ಕೇಳಿ ತಿಳಿದದ್ದನ್ನು ಹುಟ್ಟಿದಾಗಿನಿಂದ ಬಲ್ಲವನಂತೆ ಹೇಳಿದ.

"ಮತ್ತೆ ಈ ಅಣ್ಣನನ್ನ ನಮ್ಮ ಮೈಯಲ್ಲಿ ಎಲ್ಲಿ ಹೊಲಿದಿದ್ದಾರೆ?"

"ಎಲ್ಲೂ ಇಲ್ಲ. ಬರ್ತಾನೆ, ಹೋಗ್ತಾನೆ."

"ಹಾಗಾದರೆ ಅವನು ಯಾಕೆ ಬೇಕು? ಅಂಗಿ ಹೊಲಿದು ಮುಗಿದಿದೆ, ಎಲ್ಲೂ ಸೇರದ ತೋಳು ಒಂದು ಕತ್ತರಿಸಿ ಇಟ್ಟಿದ್ದಾರೆ ಅಂದ ಹಾಗಾಯಿತು."

ಕೆಲಸವಿಲ್ಲದ ಒಂದೇ ಒಂದು ತಿರುಪನ್ನೂ ತಂಪಣ್ಣ ಯಾವ ಯಂತ್ರದಲ್ಲೂ ಕಂಡವನಲ್ಲ. ಸುತ್ತಲಿದ್ದವರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು. ಬೇರೆ ದಿನವಾಗಿದ್ದರೆ ರೇಗಿಬಿಡುತ್ತಿದ್ದ. ಇವತ್ತು ಕುತೂಹಲ ಕೋಪವನ್ನು ಪಕ್ಕಕ್ಕೆ ತಳ್ಳಿತು. "ಇರೇ, ಕೇಳಿಕೊಂಡು ಬರ್ತೀನಿ," ಅಂದವನೇ ವೇದಿಕೆಯಿಂದ ಆಗಷ್ಟೇ ಇಳಿಯುತ್ತಿದ್ದ ಮೇಡಂ ಬಳಿ ಓಡಿದ. ಅವಳನ್ನು ಕರೆದುಕೊಂಡೇ ಬಂದ.

ಮೇಡಂ ಪ್ರಶ್ನೆ ಪೂರ್ತಿ ಕೇಳಿದಳು. ಮುಖ ಅರಳಿತು. "ಗೊತ್ತಿಲ್ಲ ಅಮ್ಮಾ."

"ನಿಮಗೂ?"

"ನನಗೆ ಮಾತ್ರ ಅಲ್ಲ, ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ. ಅಣ್ಣನ ಮೇಲೆ ಇನ್ನೂ ಭಾರದ ದೊಡ್ಡಣ್ಣ ಬೇರೆ ಇದ್ದಾನೆ. ಅವನು ಯಾಕೆ ಅನ್ನೋದೂ ಗೊತ್ತಿಲ್ಲ. ಇದನ್ನ ಕಂಡುಹಿಡಿಯೋಕೇ ನಾವೆಲ್ಲ ಒದ್ದಾಡ್ತಾ ಇರೋದು."

ಟೈಲರಮ್ಮ ತೃಪ್ತಿಯಿಂದ ತಲೆಯಾಡಿಸಿದಳು. ಅವಳ ಯಾವ ಪ್ರಶ್ನೆಯೂ ಇಷ್ಟು ದೊಡ್ಡದು ಅಂತ ಈ ತನಕ ಯಾರೂ ಒಪ್ಪಿದ್ದಿಲ್ಲ.

ಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಬಿಳಿ ಬೋರ್ಡೊಂದು ಖಾಲಿಯಿತ್ತು. ಮೇಡಂ ಅದರ ಮೇಲೆ ದೊಡ್ಡಕ್ಷರದಲ್ಲಿ "ಇನ್ನೂ ಗೊತ್ತಿಲ್ಲದ್ದು" ಅಂತ ಬರೆದು, ಕೆಳಗೆ ಆ ಪ್ರಶ್ನೆಯನ್ನು ಬರೆದಳು. "ಕೇಳಿದವರು ಯಾರು ಅಂತ ಹಾಕಲಿ?"

"ಟೈಲರಮ್ಮ ಅಂತ ಹಾಕಿ," ಅಂದ ತಂಪಣ್ಣ, ಹೆಂಡತಿಗಿಂತ ಮುಂಚೆ. ಆಮೇಲೆ ಕತ್ತು ಕೆರೆದುಕೊಂಡು, "ಅದರ ಕೆಳಗೆ ಸ್ವಲ್ಪ ಜಾಗ ಬಿಡಿ ಮೇಡಂ. ನನಗೂ ಒಂದು ಪ್ರಶ್ನೆ ಇದೆ," ಅಂದ.